ಬ್ಲೂಯಿಂಗ್ ಮೇಸ್ತ್ರಿಯ ಕಣ್ಣು

ಮೈಸೂರಿನ ಬಂದೂಕಿನ ಅಂಗಡಿಯೊಂದರಲ್ಲಿ ನಾನು ರಿಜಿಸ್ಟರ್ ಬರೆಯಲು ಸೇರಿದಾಗ, ಹಳೆಯ ರಿವಾಲ್ವರಿಗೆ ಬ್ಲೂಯಿಂಗ್, ಅಂದರೆ ಉಕ್ಕಿಗೆ ನೀಲಿಗಪ್ಪು ಬಣ್ಣ, ಮಾಡಿಸುವುದು ಮುಚ್ಚುಮರೆಯ ಸಂಗತಿಯೇನಾಗಿರಲಿಲ್ಲ. ಕೊಡಗಿನ ತೋಟದವರು ಮಳೆಗೆ ತುಕ್ಕು ತಿಂದ .32 ವೆಬ್ಲಿಯನ್ನು ಕೌಂಟರಿನ ಮೇಲಿಟ್ಟು, "ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೊಟ್ಟುಬಿಡಿ" ಎನ್ನುತ್ತಿದ್ದರು. ನಾವೂ ಬಿಲ್ಲಿನಲ್ಲಿ 'ರೀ-ಬ್ಲೂ' ಎಂದೇ ಬರೆಯುತ್ತಿದ್ದೆವು.

ಆಗ ಅದು ವಾರದ ಕೆಲಸ. ನಮ್ಮ ಅಂಗಡಿಯ ಮೇಸ್ತ್ರಿ ಆಸಿಡ್ಡಿನ ದ್ರಾವಣ ಸವರಿ ಬೇಕೆಂದೇ ತುಕ್ಕು ಬರಿಸುತ್ತಿದ್ದರು. ಕುದಿನೀರಿನಲ್ಲಿ ಅದ್ದಿ ಆ ತುಕ್ಕನ್ನು ಕಪ್ಪಾಗಿಸಿ, ತಂತಿಬ್ರಷ್ಷಿನಿಂದ ಉಜ್ಜಿ, ಮತ್ತೆ ಸವರುತ್ತಿದ್ದರು. ಆಮೇಲೆ ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿ ಬಂತು. ಬೆಳಿಗ್ಗೆ ಕೊಟ್ಟರೆ ಸಂಜೆಗೆ ತಯಾರು.

1980ರ ದಶಕದಲ್ಲಿ ವಿದೇಶಿ ಆಯುಧಗಳ ಆಮದಿಗೆ ತಡೆ ಬಿದ್ದದ್ದೇ ತಡ, ದೇಶದೊಳಗಿದ್ದ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸ್ಸನ್‌ಗಳಿಗೆ ಚಿನ್ನದ ಬೆಲೆ ಬಂತು. ಕಾನ್ಪುರದ ಕಾರ್ಖಾನೆಯ .32 ಬಂದರೂ ಆ ಮೋಹ ಇಳಿಯಲಿಲ್ಲ. ರಿಪೇರಿಯಾಗಿದ್ದದ್ದು ವೇಷವಾಯಿತು. "ಕಂಪನಿ ಪಾಲಿಶ್ ಸಾರ್, ಕೈಯೇ ಹಚ್ಚಿಲ್ಲ" ಎನ್ನುವ ಮಾತು ಕೇಳಿಬರತೊಡಗಿತು.

ಮೇಸ್ತ್ರಿಯ ಮುಂದೆ ಆ ಮಾತು ನಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾರೋ ತಂದ ಸ್ಮಿತ್ ಅಂಡ್ ವೆಸ್ಸನ್ನನ್ನು ಅವರು ಬಾಗಿಲ ಬೆಳಕಿಗೆ ಹಿಡಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ನೋಡಿದ್ದು ಬಲಬದಿಯ ತಟ್ಟೆಯ ಅಂಚು. ಫ್ಯಾಕ್ಟರಿಯಿಂದ ಬಂದಾಗ ಆ ಸಂದು ಕೂದಲೆಳೆಯಷ್ಟು. ಬಫ್ ಚಕ್ರ ಹಾದುಹೋಗಿದ್ದರೆ ಅಂಚು ದುಂಡಾಗಿ, ಸಂದು ಕಾಲುವೆಯಾಗಿರುತ್ತದೆ. ಸ್ಕ್ರೂ ತೂತಿನ ಬಾಯಿ ಬಟ್ಟಲಿನಂತೆ ತಗ್ಗಿರುತ್ತದೆ. ಬ್ಯಾರೆಲ್ ಮೇಲಿನ ಅಕ್ಷರ ಒಂದು ಕಡೆ ಆಳ, ಇನ್ನೊಂದು ಕಡೆ ಮಾಸಲು. ನಂಬರಿನ ಸುತ್ತ ಮಾತ್ರ ಲೋಹ ತುಸು ಉಬ್ಬಿದ್ದರೆ ಅದಕ್ಕೂ ಅರ್ಥವಿದೆ: ನಂಬರು ಅಳಿಸಿದರೆ ಪೊಲೀಸ್ ಕೇಸು, ಆದ್ದರಿಂದ ಉಜ್ಜುವವನು ಅಲ್ಲಿ ಕೈ ಹಿಂದೆಗೆದಿದ್ದಾನೆ. ಹ್ಯಾಮರ್, ಟ್ರಿಗರ್‌ಗಳಲ್ಲಿ ಕಂದು, ನೀಲಿ, ಬೂದಿ ಬಣ್ಣಗಳ ಮೋಡವಿರಬೇಕು. ಅವೂ ಕಪ್ಪಗಿದ್ದರೆ ತೊಟ್ಟಿಗೆ ಇಳಿದಿವೆಯೆಂದೇ ಲೆಕ್ಕ.

ಕೊನೆಗೆ ಮೇಸ್ತ್ರಿ ಭೂತಗನ್ನಡಿಯನ್ನು ನನ್ನ ಕೈಗಿತ್ತರು. "ಗುಳಿಯೊಳಗೆ ನೋಡಿ ಸ್ವಾಮಿ." ಆಯುಧಪೂಜೆಯ ಕುಂಕುಮ ಒದ್ದೆಯಾಗಿ ಅಂಟಿಕೊಂಡಿದ್ದಲ್ಲಿ ತುಕ್ಕು ಕೊರೆದ ಸಣ್ಣ ಗುಳಿಗಳು. ತುಕ್ಕು ಬಣ್ಣವನ್ನು ತಿಂದುಕೊಂಡೇ ಇಳಿಯುತ್ತದೆ. ಗುಳಿಯ ತಳದಲ್ಲಿ ಮಿರುಗುವ ಕಪ್ಪು ಕಂಡರೆ ಅದು ಆಮೇಲೆ ಬಂದ ಬಣ್ಣ. ತಂದವನು ಬೆಲೆ ಇಳಿಸಲಿಲ್ಲ, ಮಾತಿಲ್ಲದೆ ಎತ್ತಿಕೊಂಡು ಹೊರಟ.

ಬಾಟಲಿಯ ಕೋಲ್ಡ್ ಬ್ಲೂ ಹಚ್ಚಿದ್ದನ್ನು ಅವರು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ, ಮೂಸಿಯೇ ಹೇಳುತ್ತಿದ್ದರು. ನನಗೆ ಆ ಮೂಗು ಬರಲಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಆಯುಧ ಎಂದ ಮೇಲೆ ಮೂರನೆಯವು ಅಂಗಡಿಗಳಿಗೆ ಬಂದವು. ಅಜ್ಜಂದಿರ ಕಾಲದವು, ಚರ್ಮದ ಹೋಲ್‌ಸ್ಟರಿನ ಹುಳಿಗೆ ತೇಪೆತೇಪೆಯಾಗಿ ಸವೆದವು. ನನಗೆ ಅವೇ ಇಷ್ಟ. ಮೊಬೈಲಿನಲ್ಲಿ ಫೋಟೋ ನೋಡಿ ಬರುವವರಿಗೆ ಮಾತ್ರ ಮಿಂಚಬೇಕು. ಮೇಸ್ತ್ರಿ ತೀರಿಕೊಂಡ ಮೇಲೆ ತೊಟ್ಟಿಯೂ ಹೋಯಿತು. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ನಾನು ಈಗಲೂ 'ರೀ-ಬ್ಲೂ' ಎಂದು ಬರೆಯುತ್ತೇನೆ. ಬರೆಯಬೇಡಿ ಎಂದು ಕೇಳಿಕೊಂಡ ಇಬ್ಬರು ಮೂವರು ಈಗ ಬೇರೆ ಅಂಗಡಿಗೆ ಹೋಗುತ್ತಿದ್ದಾರೆ.