ಮಸ್ಕಿಯ ಗರಗಸ, ಜಾಲಿಯ ತುಂಡು

ಸಿಂಧನೂರು ಬಿಟ್ಟ ಬಸ್ಸು ಲಿಂಗಸುಗೂರಿನ ದಾರಿ ಹಿಡಿದರೆ ಮೊದಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹಸಿರು. ಮಸ್ಕಿ ಹತ್ತಿರವಾದಂತೆ ಬಂಡೆಗುಡ್ಡಗಳು ಎದುರಾಗುತ್ತವೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾದದ್ದು. ನಾನು ಇಳಿದದ್ದೂ ಅದನ್ನು ನೋಡಲೆಂದೇ. ಮರಳುವಾಗ ಬಡಿಗೇರರ ಅಂಗಡಿಯೊಂದರ ಗರಗಸದ ಸದ್ದು ತಡೆದು ನಿಲ್ಲಿಸಿತು; ಎರಡು ಬಸ್ಸು ತಪ್ಪಿದವು.

ಅದು ಬ್ಯಾಂಡ್ ಸಾ. ಮೇಲೊಂದು ಕೆಳಗೊಂದು ಗಾಲಿ, ಅವುಗಳ ಮೇಲೆ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಇಂಗ್ಲೆಂಡಿನ ನ್ಯೂಬೆರಿ 1808ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಬೆಸುಗೆ ನಿಲ್ಲದೆ ಯಂತ್ರ ಬಹುಕಾಲ ಬಳಕೆಗೇ ಬರಲಿಲ್ಲ. ಮಸ್ಕಿಯಲ್ಲೂ ಅದೇ ಗೋಳು. ಪಟ್ಟಿ ತುಂಡಾದಾಗಲೆಲ್ಲ ಬೆಸುಗೆಗೆ ಲಿಂಗಸುಗೂರಿಗೆ ಒಯ್ಯಬೇಕಿತ್ತಂತೆ.

ಕಾರಣ, ಪಟ್ಟಿ ಅತ್ತಿತ್ತ ಹೊಯ್ದಾಡದಂತೆ ಹಿಡಿಯುವ ಕಬ್ಬಿಣದ ಗೈಡುಗಳು ಸವೆದುಹೋಗಿದ್ದವು. ಬಡಿಗೇರರು ಒಣಗಿದ ಜಾಲಿ ಕಟ್ಟಿಗೆಯನ್ನು ಅದೇ ಅಳತೆಗೆ ಕೆತ್ತಿ, ಎಣ್ಣೆಯಲ್ಲಿ ನೆನೆಸಿ ಕೂಡಿಸಿದರು. “ಕಬ್ಬಿಣಕ್ಕ ಬಡದ್ರ ಹಲ್ಲೇ ಹೋಗ್ತಾವ್ರಿ. ಕಟ್ಟಿಗಿ ಆದ್ರ ತಾನ ಸವೀತದ. ಸವದ್ರ ಮತ್ತೊಂದು. ನಮ್ಮ ಕಡಿ ಜಾಲಿಗೇನ್ ಬರ ಅದ?” ಪಟ್ಟಿಗೂ ತುಂಡಿಗೂ ನಡುವೆ ಕಾಗದ ತೂರುವಷ್ಟೇ ಸಂದು, ಹಲ್ಲುಗಳು ಮಾತ್ರ ತುಂಡಿನಿಂದ ಹೊರಗಿರಬೇಕು.

ಓರೆಯಾಗಿ ಕೊಯ್ಯುವ ಚಾಳಿಗೂ ಮದ್ದಿದೆ. ಬೇಡವಾದ ಹಲಗೆಯೊಂದರ ಮೇಲೆ ಅಂಚಿಗೆ ಸಮನಾಗಿ ಗೆರೆ ಎಳೆದು, ಗೆರೆ ತಪ್ಪದಂತೆ ಅರ್ಧದವರೆಗೆ ಕೊಯ್ದು, ಹಲಗೆ ಅಲುಗಿಸದೆ ಯಂತ್ರ ನಿಲ್ಲಿಸಬೇಕು. ಹಲಗೆ ಆಗ ಯಾವ ಓರೆಯಲ್ಲಿದೆಯೋ ಆನಿಕೆಯ ಪಟ್ಟಿಯನ್ನೂ ಅದೇ ಓರೆಗೆ ಬಿಗಿಯಬೇಕು. ಪುಸ್ತಕದ ಕೋನಮಾಪಕಕ್ಕಿಂತ ಇದು ನನಗೆ ಬೇಗ ಅರ್ಥವಾಯಿತು!

ಆದರೆ ನನಗೆ ಹೆಚ್ಚು ಹಿಡಿಸಿದ್ದು ಮಗನ ಕೆಲಸ. ಬಡಿಗೇರರ ಎಡಗೈ ತೋರುಬೆರಳಿನ ತುದಿ ಇಲ್ಲ. ಅದಾದ ಮೇಲೆ ಮನೆಯಾಕೆ ಹುಡುಗನನ್ನು ಯಂತ್ರದ ಹತ್ತಿರ ಬಿಟ್ಟಿರಲಿಲ್ಲ. ಅವನು ಐಟಿಐ ಸೇರಿದ ವರ್ಷ, ರಜೆಯಲ್ಲಿ ಬಂದವನೇ ಪ್ಲೈವುಡ್ಡಿನ ಮುಚ್ಚಳವೊಂದನ್ನು ಮಾಡಿ ಮೇಲಿನ ಗೈಡಿಗೆ ಜೋಡಿಸಿದ. ಗೈಡನ್ನು ಕಟ್ಟಿಗೆಯ ಮೇಲೆ ಕಾಲಿಂಚಿನವರೆಗೆ ಇಳಿಸಿದರೆ ಮುಚ್ಚಳವೂ ಇಳಿಯುತ್ತದೆ. ಬರಿಯ ಹಲ್ಲು ಬೆರಳಿಗೆ ಸಿಗುವುದಿಲ್ಲ. ಸಣ್ಣ ತುಂಡು ನೂಕಲು ಬೇವಿನದೊಂದು ದೂಡುಗೋಲು. ಖರ್ಚು? ಮೂಲೆಯಲ್ಲಿ ಬಿದ್ದ ಚೂರುಗಳು, ನಾಲ್ಕು ಸ್ಕ್ರೂ. ಓಡುವ ಪಟ್ಟಿಯ ಬಳಿ ಕೈಗವಸು ಹಾಕಬಾರದೆಂಬುದನ್ನೂ ಅವನೇ ಅಪ್ಪನಿಗೆ ಹೇಳಿದನಂತೆ. ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ.

ಚಹಾ ತಂದ ತಾಯಿ ಹೊಸ್ತಿಲಲ್ಲೇ ನಿಂತರು. ಹುಡುಗ ಹೊಟ್ಟು ಬಳಿಯಲು ಕೆಳಗಿನ ಗಾಲಿಯ ಬಾಗಿಲಿಗೆ ಕೈ ಹಾಕಿದ್ದ.

“ಪ್ಲಗ್ ಕಿತ್ತಿಯೇನೋ, ತಮ್ಮಾ?”

ಅವನು ವಯರಿನ ತುದಿ ಎತ್ತಿ ತೋರಿಸಿದ. ಆಮೇಲೆಯೇ ನಮಗೆ ಚಹಾ ಸಿಕ್ಕಿದ್ದು.