ಲೆನ್ಸಿನ ಬೆಲೆಯೂ ಹೆಸರಿನ ನಿಷ್ಠೆಯೂ

ಮನುಷ್ಯನು ಒಂದು ಕಂಪೆನಿಯ ಸರಕಿಗೆ ನಿಷ್ಠನಾಗಿರುವುದು ಪ್ರೀತಿಯಿಂದಲೆ, ಅಭ್ಯಾಸದಿಂದಲೆ, ಅಥವಾ ಬಿಟ್ಟುಹೋಗಲು ದಾರಿಯಿಲ್ಲದುದರಿಂದಲೆ? ಕಾಫಿಪುಡಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಒಂದಂಗಡಿಯ ಪುಡಿಯ ಬೆಲೆ ಏರಿದರೆ ಗೃಹಿಣಿಯು ನಾಲ್ಕು ದಿನ ಗೊಣಗಿ, ಐದನೆಯ ದಿನ ಬೇರೊಂದಂಗಡಿಯ ಮೆಟ್ಟಲು ಹತ್ತುವಳು. ಮನೆಯ ಫಿಲ್ಟರು ಯಾವ ಅಂಗಡಿಯ ಪುಡಿಯನ್ನಾದರೂ ಒಪ್ಪಿಕೊಳ್ಳುವುದಷ್ಟೆ. ಆದರೆ ಫಿಲ್ಟರೇ ಒಂದಂಗಡಿಯ ಪುಡಿಯನ್ನಲ್ಲದೆ ಮತ್ತಾವುದನ್ನೂ ಒಳಕ್ಕೆ ಬಿಡದಂತಿದ್ದರೆ ಆಕೆಯ ಗತಿಯೇನು? ಛಾಯಾಚಿತ್ರದ ವೃತ್ತಿಯಿಂದ ಹೊಟ್ಟೆ ಹೊರೆಯುವವರ ಪಾಡು ಹೆಚ್ಚುಕಡಿಮೆ ಇದೇ ಆಗಿದೆ.

ವೃತ್ತಿಯವರ ಕ್ಯಾಮರಾದಲ್ಲಿ ಎರಡು ಭಾಗಗಳುಂಟು. ಚಿತ್ರವನ್ನು ಹಿಡಿದಿಡುವ ಪೆಟ್ಟಿಗೆಯನ್ನು ಬಾಡಿಯೆಂದೂ, ಬೆಳಕನ್ನು ಒಳಕ್ಕೆ ತರುವ ಗಾಜಿನ ಕೊಳವೆಯನ್ನು ಲೆನ್ಸೆಂದೂ ಕರೆಯುವರು. ಇವೆರಡೂ ಕೂಡುವ ಲೋಹದ ಬಳೆಗೆ ಮೌಂಟೆಂದು ಹೆಸರು. ಒಂದು ಕಂಪೆನಿಯ ಬಳೆಗೆ ಮತ್ತೊಂದು ಕಂಪೆನಿಯ ಲೆನ್ಸು ಸಾಮಾನ್ಯವಾಗಿ ಕೂಡಲಾರದು. ಬಾಡಿಯು ಕೆಲವು ವರ್ಷಗಳಲ್ಲಿ ಹಳತಾಗುವುದು. ಲೆನ್ಸಾದರೋ ಜೋಪಾನ ಮಾಡಿದರೆ ದಶಕಗಳ ಕಾಲ ಬಾಳುವುದು. ಆದುದರಿಂದ ವೃತ್ತಿಯವನ ಆಸ್ತಿಯೆಂದರೆ ಅವನ ಲೆನ್ಸುಗಳೇ.

ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿನ ನಾಗರಕಲ್ಲುಗಳ ಸಾಲುಗಳನ್ನು ಮರೆಯಲಾರರು. ವಿದುರನು ನೆಟ್ಟನೆಂದು ಪ್ರತೀತಿಯಿದ್ದ ಹಳೆಯ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು. ಆದರೂ ಸಂತಾನವನ್ನು ಬೇಡಿ ನಾಗಪ್ರತಿಷ್ಠೆ ಮಾಡಿಸುವ ದಂಪತಿಗಳು ಬರುತ್ತಲೇ ಇರುವರು. ಗೌರಿಬಿದನೂರಿನಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಮದುವೆಗಳ ಕೆಲಸವಲ್ಲದೆ ಈ ಕ್ಷೇತ್ರದ ಕೆಲಸವೂ ಜೀವನಾಧಾರ. ಮುಂಜಾವದ ಮಬ್ಬು, ಹೋಮದ ಹೊಗೆ, ಗುಡಿಯೊಳಗಿನ ದೀಪದ ಬೆಳಕು, ಇಷ್ಟರಲ್ಲೇ ಚಿತ್ರ ತೆಗೆಯಬೇಕು. ಇಂಥ ಕಡೆ ಅಗಲವಾಗಿ ಕಣ್ದೆರೆಯುವ ಲೆನ್ಸು ಬೇಕಾಗುವುದು. ವೃತ್ತಿಯವರ ಲೆಕ್ಕದಲ್ಲಿ ಎಫ್ 2.8ರ ಲೆನ್ಸು ಎಫ್ 5.6ರದಕ್ಕಿಂತ ನಾಲ್ಕುಪಟ್ಟು ಬೆಳಕನ್ನು ಒಳಕ್ಕೆ ಬಿಡುವುದು. ಅದಕ್ಕೆ ತಕ್ಕಂತೆ ಅದರ ಗಾಜೂ ದೊಡ್ಡದು, ಬೆಲೆಯೂ ದೊಡ್ಡದು.

ಅಂಥದೊಂದು ಲೆನ್ಸಿಗಾಗಿ ನನ್ನ ಶಿಷ್ಯನು ಎರಡು ವರ್ಷ ಹಣ ಕೂಡಿಟ್ಟನು. ಹಣ ಪೂರ್ತಿಯಾಗುವ ವೇಳೆಗೆ ಕಂಪೆನಿಯು ಬೆಲೆಯನ್ನು ಹದಿನೆಂಟು ಸಾವಿರ ರೂಪಾಯಿ ಏರಿಸಿತ್ತು. ಪಿ.ಯು.ಸಿ. ಮುಗಿಸಿ ತಂದೆಯ ಕಸುಬಿಗೇ ಬರುವೆನೆಂದು ನಿಂತಿದ್ದ ಮಗಳು, “ಅಪ್ಪ, ಇರುವುದನ್ನೆಲ್ಲ ಮಾರಿಬಿಡಿ, ಬೇರೆ ಕಂಪೆನಿಗೆ ಹೋಗೋಣ” ಎಂದಳು. ಲೆಕ್ಕ ಹಾಕಲು ಇಬ್ಬರೂ ನನ್ನಲ್ಲಿಗೆ ಬಂದರು.

ಬೆಲೆ ಏಕೆ ಏರುವುದೆಂಬುದನ್ನು ಮೊದಲು ನೋಡಿದೆವು. 2010ರಲ್ಲಿ ಜಪಾನಿನ ಕಂಪೆನಿಗಳು ಲೋಕಕ್ಕೆಲ್ಲ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮರಾಗಳನ್ನು ಕಳುಹಿಸಿದ್ದವು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಉಳಿದುದನ್ನು ಮೊಬೈಲು ಫೋನು ನುಂಗಿತು. ಕೊಳ್ಳುವವರು ಕಡಮೆಯಾದಾಗ ಉಳಿದವರ ಮೇಲೆ ಭಾರ ಹೆಚ್ಚುವುದು ಸಹಜ. ಇದರ ಮೇಲೆ ನಾಣ್ಯದ ವಿನಿಮಯದ ಏರಿಳಿತ, ಆಮದಿನ ಸುಂಕ. 2025ರಲ್ಲಿ ಅಮೆರಿಕವು ಸುಂಕವನ್ನು ಹೆಚ್ಚಿಸಿದಾಗ ನಿಕಾನ್ ಕಂಪೆನಿಯು ಅಲ್ಲಿ ಜೂನ್ 23ರಿಂದ ಬೆಲೆಯೇರಿಕೆಯನ್ನು ಸಾರಿಯೇ ಬಿಟ್ಟಿತು.

ಬಳಿಕ ಮನೆಯ ಲೆಕ್ಕ. ಅವನಲ್ಲಿದ್ದ ಮೂರು ಲೆನ್ಸುಗಳನ್ನೂ ಬಾಡಿಯನ್ನೂ ಮಾರಿದರೆ ಕೊಂಡ ಬೆಲೆಯ ಅರ್ಧವೂ ಹುಟ್ಟುವಂತಿರಲಿಲ್ಲ. ಬೇರೆ ಕಂಪೆನಿಯಲ್ಲಿ ಅಷ್ಟನ್ನೇ ಹೊಸದಾಗಿ ಕೊಳ್ಳಲು ಬೇಕಾದ ಹೆಚ್ಚಿನ ಹಣವು ಹದಿನೆಂಟು ಸಾವಿರದ ಹಲವು ಪಾಲಾಯಿತು. “ಮೇಷ್ಟ್ರೆ, ಕೋಪ ಬಂದರೂ ಹೊರಟುಹೋಗುವ ಹಾಗಿಲ್ಲವಲ್ಲ!” ಎಂದು ಅವನು ನಕ್ಕನು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರೂ ಹೀಗೆಯೇ. ಗೂಡಿನ ಬೆಲೆ ಎಷ್ಟೇ ಏರಲಿ, ಗೂಡಿಗೆಂದು ಹೂಡಿದ ಯಂತ್ರದಲ್ಲಿ ಹತ್ತಿಯನ್ನು ನೂಲಲಾಗುವುದೆ?

ಹಾಗೆಂದು ಈ ಬಳೆಯ ಬಿಗಿ ಎಂದಿಗೂ ಸಡಿಲದೆಂದು ಕಂಪೆನಿಗಳು ನೆಚ್ಚಿ ಕೂಡುವಂತಿಲ್ಲ. 1950ರಲ್ಲಿ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಎಂಬಾತನು ಟೋಕಿಯೋದಲ್ಲಿ ಜಪಾನಿನ ನಿಕ್ಕೋರ್ ಲೆನ್ಸುಗಳ ಗುಣವನ್ನು ಕಂಡು ಬೆರಗಾಗಿ, ತನ್ನ ಜರ್ಮನ್ ಲೈಕಾ ಕ್ಯಾಮರಾಗಳಿಗೆ ಅವನ್ನೇ ತೊಡಿಸಿ ಕೊರಿಯಾ ಯುದ್ಧದ ಚಿತ್ರಗಳನ್ನು ತೆಗೆದನು. ಲೈಕಾದ ತಿರುಪಿನ ಬಳೆಗೆ ಹೊಂದುವಂತೆ ಜಪಾನಿನವರೂ ಲೆನ್ಸು ಮಾಡುತ್ತಿದ್ದುದರಿಂದ ಇದು ಸಾಧ್ಯವಾಯಿತು. 1987ರಲ್ಲಿ ಕ್ಯಾನನ್ ಕಂಪೆನಿಯು ಬಳೆಯನ್ನೇ ಬದಲಾಯಿಸಿದಾಗ ಹಳೆಯ ಲೆನ್ಸುಗಳನ್ನು ಕೊಂಡಿದ್ದವರು ನೊಂದುಕೊಂಡರು. ನಿಕಾನ್ ಕಂಪೆನಿಯಾದರೋ 1959ರ ಬಳೆಯನ್ನು ಬಹುಕಾಲ ಉಳಿಸಿಕೊಂಡಿತು. 2018ರಲ್ಲಿ ಹೊಸ ಬಳೆಯನ್ನು ತಂದಾಗ ಹಳೆಯ ಲೆನ್ಸುಗಳನ್ನು ಕೂಡಿಸುವ ನಡುಬಳೆಯೊಂದನ್ನೂ ಮಾರಾಟಕ್ಕಿಟ್ಟಿತು. ಸೋನಿ ಕಂಪೆನಿಯು 2011ರಲ್ಲಿ ತನ್ನ ಬಳೆಯ ಮುಖ್ಯ ವಿವರಗಳನ್ನು ಇತರ ತಯಾರಕರಿಗೆ ಶುಲ್ಕವಿಲ್ಲದೆ ಕೊಡುವೆನೆಂದಿತು. ಸಿಗ್ಮಾ, ಟ್ಯಾಮ್ರಾನ್ ಮೊದಲಾದವರ ಅಗ್ಗದ ಲೆನ್ಸುಗಳು ಕೂಡುವ ಕಡೆಗೆ ಹೊಸಬರು ಒಲಿಯುವುದರಲ್ಲಿ ಆಶ್ಚರ್ಯವೇನು?

ನನ್ನ ಶಿಷ್ಯನ ಮನೆಯಲ್ಲಿಯೂ ಹಾಗೆಯೇ ಆಯಿತು. ತಂದೆಯು ಹಳೆಯ ಕಂಪೆನಿಯಲ್ಲೇ ಉಳಿದು, ಆ ಲೆನ್ಸನ್ನು ಬಳಸಿದ ಸರಕಾಗಿ ಬೆಂಗಳೂರಿನಲ್ಲಿ ಕೊಂಡನು. ಉಳಿದ ಹಣದಲ್ಲಿ ಮಗಳು ಬೇರೆ ಕಂಪೆನಿಯ ಚಿಕ್ಕ ಕ್ಯಾಮರಾವೊಂದನ್ನು ಕೊಂಡಳು. ಈಗ ಒಂದೇ ಬೀರುವಿನಲ್ಲಿ ಎರಡು ಬಗೆಯ ಬಳೆಗಳಿವೆ. ಇವಳ ಲೆನ್ಸು ಅವನಿಗಾಗದು, ಅವನದು ಇವಳಿಗಾಗದು. ಬೆಲೆಯೇರಿಕೆಯು ಹಳಬನನ್ನು ಓಡಿಸಲಿಲ್ಲ. ಅವನ ಮನೆಯ ಮುಂದಿನ ತಲೆಮಾರನ್ನು ಸದ್ದಿಲ್ಲದೆ ಬೇರೆಡೆಗೆ ಕಳುಹಿಸಿತು. ಈ ವರ್ಷದ ಲಾಭವನ್ನೆಣಿಸುವ ಕಂಪೆನಿಯವರಿಗೆ ಈ ನಷ್ಟವು ಇಂದು ಕಾಣದು.

ಇದರಲ್ಲಿ ನನಗೆ ಹೆಚ್ಚಾಗಿ ಮನಸ್ಸಿಗೆ ತಟ್ಟಿದ ಸಂಗತಿ ಬೇರೊಂದುಂಟು. ಕಂಪೆನಿಯು ಬೆಲೆಯನ್ನೇರಿಸಿತೆಂದು ನನ್ನ ಶಿಷ್ಯನು ತನ್ನ ದರವನ್ನು ಏರಿಸಲಾರನು. ಏರಿಸಿದರೆ ನಾಗಪ್ರತಿಷ್ಠೆಗೆ ಬಂದವರು ಜೇಬಿನಿಂದ ಫೋನನ್ನು ತೆಗೆದು ತಾವೇ ಚಿತ್ರ ಹಿಡಿದುಕೊಳ್ಳುವರು. ಅವನನ್ನು ಕಟ್ಟಿಹಾಕಲು ಕಂಪೆನಿಗೆ ಒಂದು ಬಳೆಯುಂಟು. ಗಿರಾಕಿಯನ್ನು ಕಟ್ಟಿಹಾಕಲು ಅವನಿಗೆ ಯಾವ ಬಳೆಯೂ ಇಲ್ಲ. ಆದರೂ ಐದು ವರ್ಷದ ಹಿಂದೆ ಕಲ್ಲು ನಿಲ್ಲಿಸಿ ಹೋದ ದಂಪತಿಗಳು ಮಗುವಿನ ಚೌಲಕ್ಕೆ ಅವನನ್ನೇ ಹುಡುಕಿಕೊಂಡು ಬರುವುದನ್ನು ನಾನು ಕಂಡಿದ್ದೇನೆ. ಅವರು ಅವನ ಕ್ಯಾಮರಾದ ಹೆಸರನ್ನು ಕೇಳುವವರಲ್ಲ. ಅಂದು ಆ ತಾಯಿಯ ಮುಖದಲ್ಲಿದ್ದ ಆಸೆಯನ್ನು ಅವನು ಚಿತ್ರದಲ್ಲಿ ಉಳಿಸಿಕೊಟ್ಟಿದ್ದನು, ಅದಕ್ಕಾಗಿ ಬಂದರು.

ಬಿಟ್ಟುಹೋಗಲು ಬಾಗಿಲು ತೆರೆದಿದ್ದರೂ ಮರಳಿ ಬರುವುದನ್ನೇ ನಿಷ್ಠೆಯೆನ್ನಬೇಕು. ಬಾಗಿಲು ಮುಚ್ಚಿರುವುದರಿಂದ ಉಳಿದಿರುವುದಕ್ಕೆ ಬೇರೆ ಹೆಸರು ಹುಡುಕುವುದು ಮೇಲು. ದೊಡ್ಡ ಕಂಪೆನಿಗಳು ದುಬಾರಿಯ ಗಾಜಿನಿಂದ ಗಳಿಸಲಾರದ್ದನ್ನು ಸಣ್ಣ ಊರಿನ ಸ್ಟುಡಿಯೋದವನು ಬೆಳಗಿನ ಜಾವದ ಮಬ್ಬಿನಲ್ಲಿ ನಿಂತು ಗಳಿಸುತ್ತಿದ್ದಾನೆ.