ಗುಟ್ಟಿನ ಏಳನೆಯ ಕಲಂ

1921ರ ಮಾರ್ಚ್ 16. ಮಾಸ್ಕೋದ ಕ್ರೆಮ್ಲಿನ್ ಕೋಟೆಯೊಳಗೆ ರಷ್ಯಾದ ಕಮ್ಯುನಿಸ್ಟ್ ಪಕ್ಷದ ಹತ್ತನೆಯ ಮಹಾಧಿವೇಶನ ನಡೆದಿದೆ. ಇವತ್ತು ಕೊನೆಯ ದಿನ. ಪ್ರತಿನಿಧಿಯಾಗಿ ಬಂದಿರುವ ನೀವು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಊರಿಡೀ ಉರುವಲಿಗೆ ಬರ, ಮೈಮೇಲಿನ ಕೋಟು ಬಿಚ್ಚುವ ಧೈರ್ಯ ನಿಮಗಿಲ್ಲ. ಪಕ್ಕದ ಕುರ್ಚಿ ಖಾಲಿ. ಅಲ್ಲಿ ಕೂರುತ್ತಿದ್ದವನು ಬಂದೂಕು ಹಿಡಿಯಲು ಪೆಟ್ರೋಗ್ರಾಡಿನ ಕಡೆ ಹೋಗಿದ್ದಾನೆ. ಅವನಂತೆಯೇ ಅಧಿವೇಶನ ಬಿಟ್ಟು ಹೊರಟವರು ಸುಮಾರು ಮುನ್ನೂರು ಮಂದಿ.

ಫಿನ್ಲೆಂಡ್ ಕೊಲ್ಲಿಯ ಕ್ರಾನ್‌ಸ್ಟಾಟ್ ನೌಕಾನೆಲೆಯಲ್ಲಿ ನಾವಿಕರು ದಂಗೆ ಎದ್ದಿದ್ದಾರೆ. 1917ರಲ್ಲಿ ಕ್ರಾಂತಿಯ ಹೆಮ್ಮೆ ಎನಿಸಿಕೊಂಡಿದ್ದ ನೆಲೆ ಅದು. ಸೋವಿಯೆತ್‌ಗಳಿಗೆ ಹೊಸದಾಗಿ ಗುಪ್ತ ಮತದಾನ ಆಗಬೇಕೆಂದು ಈಗ ಅಲ್ಲಿಯವರೇ ಕೇಳುತ್ತಿದ್ದಾರೆ. ಈ ತಿಂಗಳ ಮೊದಲ ದಾಳಿ ಫಲಿಸಲಿಲ್ಲ. ಇವತ್ತು ರಾತ್ರಿ ಬಿಳಿ ನಿಲುವಂಗಿ ತೊಟ್ಟ ಸೈನಿಕರು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಮತ್ತೆ ನುಗ್ಗಲಿದ್ದಾರೆ. ನಿಮಗೆ ಗೊತ್ತಿರುವುದು ಇಷ್ಟೇ: ಹಳ್ಳಿಗಳಲ್ಲಿ ಹಸಿವು, ಸಿಟ್ಟು. ಅದಕ್ಕೇ ರೈತರಿಂದ ದವಸ ಕಸಿಯುವುದನ್ನು ಕೈಬಿಟ್ಟು ತೆರಿಗೆ ಹಾಕುವುದಕ್ಕೆ ನಿನ್ನೆ ನೀವೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ. ಹೊರಗೆ ಹಗ್ಗ ಸಡಿಲಿಸಿದ ಮಾರನೆಯ ದಿನವೇ ಒಳಗೆ ಬಿಗಿಯುವ ಕೆಲಸಕ್ಕೆ ಕೂತಿದ್ದೀರಿ.

ಲೆನಿನ್ ಎದ್ದು ನಿಂತು ಎರಡು ಗೊತ್ತುವಳಿಗಳನ್ನು ಮುಂದಿಡುತ್ತಾನೆ. ಒಂದು ಪಕ್ಷದ ಒಗ್ಗಟ್ಟಿನದು. ತಮ್ಮದೇ ಕಾರ್ಯಕ್ರಮ, ತಮ್ಮದೇ ಗುಂಪು ಶಿಸ್ತು ಕಟ್ಟಿಕೊಂಡ ಬಣಗಳೆಲ್ಲ ತಕ್ಷಣ ವಿಸರ್ಜನೆಯಾಗಬೇಕು, ಒಪ್ಪದವರಿಗೆ ಉಚ್ಚಾಟನೆ. ಎರಡನೆಯದು ನೇರವಾಗಿ ‘ಕಾರ್ಮಿಕರ ವಿರೋಧಪಕ್ಷ’ ಎಂಬ ಬಣದ ಮೇಲೆ. ಕಾರ್ಖಾನೆಗಳ ಆಡಳಿತ ಕಾರ್ಮಿಕ ಸಂಘಗಳ ಕೈಗೆ ಬರಲಿ ಎನ್ನುವವರು ಅವರು. ಅವರ ಮುಂದಾಳು ಶ್ಲ್ಯಾಪ್ನಿಕೊವ್ ಲೋಹದ ಕೆಲಸಗಾರ, ಕ್ರಾಂತಿ ಸರ್ಕಾರದ ಮೊದಲ ಕಾರ್ಮಿಕ ಮಂತ್ರಿ. ಆ ಬಣದ ವಾದವನ್ನು ಮಂಡಿಸಿ ಅದೇ ಬಣದ ಕೊಲ್ಲೊಂತಾಯ್ ಬರೆದ ಕಿರುಹೊತ್ತಗೆ ಈ ಅಧಿವೇಶನದಲ್ಲೇ ಕೈಯಿಂದ ಕೈಗೆ ದಾಟಿದೆ. ಲೆನಿನ್ನನ ಸಿಟ್ಟಿಗೆ ಅದೂ ಒಂದು ಕಾರಣ.

ಶ್ಲ್ಯಾಪ್ನಿಕೊವ್ ಸುಮ್ಮನಿರುವ ಆಸಾಮಿಯಲ್ಲ. ಪಕ್ಷದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಇಷ್ಟು ಸುಳ್ಳಾಪಾದನೆಯ ಗೊತ್ತುವಳಿಯನ್ನು ತಾನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ ಎಂದು ಸಿಡಿಯುತ್ತಾನೆ. ಚರ್ಚೆಯಲ್ಲಿ ಲೆನಿನ್ ಬಳಸಿದ್ದ ‘ಮೆಷಿನ್ ಗನ್’ ಎಂಬ ಮಾತಿಗೆ ಅದೇ ಬಣದ ಕಿಸೆಲ್ಯೊವ್ ತಕರಾರು ತೆಗೆಯುತ್ತಾನೆ. ಲೆನಿನ್ ಕ್ಷಮೆ ಕೇಳುತ್ತಾನೆ. ಉಪಮೆಗಾದರೂ ಅಂಥ ಮಾತು ಇನ್ನು ಆಡುವುದಿಲ್ಲ, ಯಾರ ಮೇಲೂ ಯಾರೂ ಗುಂಡು ಹಾರಿಸುವುದಿಲ್ಲ ಎಂದು ಆಣೆ ಮಾಡಿದಂತೆ ಹೇಳುತ್ತಾನೆ. ಚಪ್ಪಾಳೆ ಬೀಳುತ್ತದೆ. ನೀವೂ ತಟ್ಟುತ್ತೀರಿ. (ಕಿಸೆಲ್ಯೊವ್, ಶ್ಲ್ಯಾಪ್ನಿಕೊವ್ ಇಬ್ಬರನ್ನೂ 1937ರಲ್ಲಿ ಗುಂಡಿಕ್ಕಿ ಕೊಂದರು.)

ಈಗ ಒಗ್ಗಟ್ಟಿನ ಗೊತ್ತುವಳಿಯ ಏಳನೆಯ ಕಲಂ. ಇದನ್ನು ಪತ್ರಿಕೆಗೆ ಕೊಡಬಾರದು, ಗುಟ್ಟಾಗಿ ಇಡಬೇಕು ಎಂಬುದು ಲೆನಿನ್ನನ ಸೂಚನೆ. ಕಿವಿಗೊಟ್ಟು ಕೇಳಿ. ಶಿಸ್ತು ಮುರಿದರೆ, ಬಣ ಕಟ್ಟಿದರೆ, ಕೇಂದ್ರ ಸಮಿತಿಯ ಸದಸ್ಯನನ್ನೂ ಅಭ್ಯರ್ಥಿ ಸದಸ್ಯನ ಸ್ಥಾನಕ್ಕೆ ಇಳಿಸಬಹುದು, ಪಕ್ಷದಿಂದಲೇ ಹೊರಗೆ ಹಾಕಬಹುದು. ಅದಕ್ಕೆ ಸಮಿತಿಯ ಸದಸ್ಯರು, ಅಭ್ಯರ್ಥಿ ಸದಸ್ಯರು, ನಿಯಂತ್ರಣ ಆಯೋಗದವರು ಎಲ್ಲ ಒಟ್ಟಿಗೆ ಕೂತು, ಮೂರರಲ್ಲಿ ಎರಡು ಪಾಲು ಮತ ಹಾಕಬೇಕು.

ಕೇಳುವುದಕ್ಕೆ ಲೆಕ್ಕಾಚಾರ ಅಚ್ಚುಕಟ್ಟಾಗಿದೆ. ಆದರೆ ಆ ಸಮಿತಿಯ 25 ಜನರನ್ನು ಆರಿಸುವವರು ನೀವು, ಅಂದರೆ ಅಧಿವೇಶನ. ನೀವು ಆರಿಸಿದವನನ್ನು ನಿಮ್ಮನ್ನು ಕೇಳದೆ ತೆಗೆಯುವ ಅಧಿಕಾರವನ್ನು ನೀವೇ ಬರೆದುಕೊಡುತ್ತಿದ್ದೀರಿ. ಇದು ಕೊನೆಯ ಅಸ್ತ್ರ, ಬಳಸುವ ಪ್ರಸಂಗ ಬರಲಾರದು ಎಂದು ಲೆನಿನ್ ಸಮಾಧಾನ ಹೇಳುತ್ತಾನೆ. ಕಷ್ಟಕಾಲದ ಏರ್ಪಾಡು ಎಂದುಕೊಂಡೇ ಎಲ್ಲರೂ ತಲೆದೂಗುತ್ತಾರೆ. ಹಾಗಿದ್ದರೆ ಎಷ್ಟು ದಿನದ ಮಟ್ಟಿಗೆ ಎಂದು ಬರೆಯಬೇಕಿತ್ತಲ್ಲ? ಗೊತ್ತುವಳಿಯಲ್ಲಿ ಅವಧಿಯ ಸುದ್ದಿಯೇ ಇಲ್ಲ. ನನ್ನ ಮಟ್ಟಿಗೆ, ಗುಟ್ಟಿಗಿಂತ ದೊಡ್ಡ ಅಪಾಯ ಈ ಬಿಟ್ಟುಹೋದ ಸಾಲಿನಲ್ಲಿತ್ತು. ನಮ್ಮ ದೇಶದ ಪಕ್ಷಗಳಲ್ಲಿ ಆರು ವರ್ಷ ಉಚ್ಚಾಟನೆ ಅಂದರೆ ಮುಂದಿನ ಚುನಾವಣೆವರೆಗೆ ಎಂದು ಎಲ್ಲರಿಗೂ ಗೊತ್ತು. ಆ ಲೆಕ್ಕದಲ್ಲಿ ಇದನ್ನು ಅಳೆಯಬೇಡಿ. ರಷ್ಯಾದಲ್ಲಿ ಅಧಿಕಾರ ಇದ್ದದ್ದು ಒಂದೇ ಪಕ್ಷದ ಕೈಯಲ್ಲಿ, ಹೊರಬಿದ್ದವನಿಗೆ ಸೇರಲು ಇನ್ನೊಂದು ಮನೆ ಇರಲಿಲ್ಲ.

ಸಭೆಯಲ್ಲಿ ಈ ಅಪಾಯವನ್ನು ಕಂಡುಕೊಂಡವನೊಬ್ಬ ಇದ್ದಾನೆ, ಕಾರ್ಲ್ ರಾದೆಕ್. ಕನ್ನಡಕ, ಚೂಪು ನಾಲಿಗೆ. ಈ ಗೊತ್ತುವಳಿ ನಾಳೆ ನಮ್ಮ ಮೇಲೇ ತಿರುಗಬಹುದು ಎಂದು ತನಗೆ ಅನ್ನಿಸುತ್ತಿದೆ ಎನ್ನುತ್ತಾನೆ. ಆದರೂ ತನ್ನ ಮತ ಪರವಾಗಿಯೇ. ಗಂಡಾಂತರದ ಹೊತ್ತಿನಲ್ಲಿ ಕೇಂದ್ರ ಸಮಿತಿ ಒಳ್ಳೆಯ ಸಂಗಾತಿಗಳ ಮೇಲೂ ಕಟ್ಟುನಿಟ್ಟು ಕ್ರಮ ತೆಗೆದುಕೊಳ್ಳಲಿ, ತಪ್ಪು ಮಾಡಿದರೂ ಮಾಡಲಿ, ಈಗಿನ ಡೋಲಾಯಮಾನ ಸ್ಥಿತಿಗಿಂತ ಅದೇ ವಾಸಿ ಎಂಬುದು ಅವನ ವಾದ. ನಿಮ್ಮ ಕೈ ಅರ್ಧ ಮೇಲೆ ಹೋದದ್ದು ಇವನ ಮಾತಿಗೆ. ಅಪಾಯ ಗೊತ್ತಿರುವವನೇ ಒಪ್ಪಿದ ಮೇಲೆ ನಿಮ್ಮದೇನು?

ಪಂಡಿತ ರ್ಯಾಜಾನೊವ್ ಎದ್ದು ಇನ್ನೊಂದು ಬಿಗಿ ಸೂಚಿಸುತ್ತಾನೆ: ಇನ್ನು ಮೇಲೆ ಬೇರೆಬೇರೆ ನಿಲುವುಗಳ ಮೇಲೆ ಅಧಿವೇಶನಕ್ಕೆ ಪ್ರತಿನಿಧಿಗಳನ್ನು ಆರಿಸುವುದೇ ಬೇಡ. ಲೆನಿನ್ ಒಪ್ಪುವುದಿಲ್ಲ. ಮೂಲಭೂತ ಭಿನ್ನಾಭಿಪ್ರಾಯ ಬಂದಾಗ ಸದಸ್ಯರ ಬಾಯಿ ಕಟ್ಟಲು ಬರುವುದಿಲ್ಲ, ಮುಂದಿನ ಅಧಿವೇಶನದ ಕೈಯನ್ನು ಈ ಅಧಿವೇಶನ ಕಟ್ಟಲಾಗದು ಎನ್ನುತ್ತಾನೆ. ತಿದ್ದುಪಡಿ ಬಿದ್ದುಹೋಗುತ್ತದೆ. ಅದೇ ಉಸಿರಿನಲ್ಲಿ ಏಳನೆಯ ಕಲಂ ಪಾಸಾಗುತ್ತದೆ, ನೆರೆದವರಲ್ಲಿ ಬಹುಪಾಲು ಕೈಗಳು ಮೇಲಿವೆ.

ಇಲ್ಲಿಗೆ ಮುಗಿಯಲಿಲ್ಲ. ಬೈಸಿಕೊಂಡ ಶ್ಲ್ಯಾಪ್ನಿಕೊವ್‌ನನ್ನು ಇದೇ ಅಧಿವೇಶನ ಕೇಂದ್ರ ಸಮಿತಿಗೆ ಆರಿಸಿದೆ. ಆ ಬಣದವರು ರಾಜೀನಾಮೆ ಕೊಡುತ್ತೇವೆಂದರೆ ಅದನ್ನೂ ಸ್ವೀಕರಿಸುವಂತಿಲ್ಲ ಎಂದು ಮತ್ತೊಂದು ನಿರ್ಣಯ. ಒಳಗಿರುವ ಹಾಗಿಲ್ಲ, ಹೊರಗೆ ಹೋಗುವ ಹಾಗೂ ಇಲ್ಲ.

ಅಸ್ತ್ರವನ್ನು ಮೊದಲು ಕೈಗೆತ್ತಿಕೊಂಡವನು ಲೆನಿನ್ನೇ, ಐದೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಶ್ಲ್ಯಾಪ್ನಿಕೊವ್‌ನನ್ನು ಹೊರಗೆ ಹಾಕಲು ಕೇಳಿದ. ಮೂರರಲ್ಲಿ ಎರಡು ಪಾಲು ಮತ ದಕ್ಕಲಿಲ್ಲ. ಆಮೇಲೆ ಆ ಕಲಂ ಕಡತದಲ್ಲಿ ಕೂತಿತು. 1924ರ ಜನವರಿಯಲ್ಲಿ, ಹದಿಮೂರನೆಯ ಪಕ್ಷ ಸಮ್ಮೇಳನದಲ್ಲಿ, ಸ್ಟಾಲಿನ್ ಅದನ್ನು ಹೊರತೆಗೆದು ಎಲ್ಲರ ಮುಂದೆ ಓದಿದ. ಗುರಿ ಅವನ ಎದುರಾಳಿ ಟ್ರಾಟ್ಸ್ಕಿ. ಕಾಯಿಲೆಯಿಂದ ಅವನು ಸಭೆಗೆ ಬಂದಿರಲಿಲ್ಲ. ಗೋರ್ಕಿಯಲ್ಲಿ ಹಾಸಿಗೆ ಹಿಡಿದಿದ್ದ ಲೆನಿನ್ನನಿಗೆ ಉಳಿದದ್ದು ಕೆಲವೇ ದಿನ. ಟ್ರಾಟ್ಸ್ಕಿಯ ಕಡೆ ವಾಲಿದ್ದ ರಾದೆಕ್‌ಗೆ 1927ರ ಡಿಸೆಂಬರಿನಲ್ಲಿ ಉಚ್ಚಾಟನೆಯ ಸರದಿ ಬಂತು. ಗುಟ್ಟಿನ ಕಲಂ ಅನ್ನು ಇನ್ನು ಅಚ್ಚು ಹಾಕಿಸಬಹುದೆಂದು 1924ರ ಸಮ್ಮೇಳನವೇ ತೀರ್ಮಾನಿಸಿತ್ತು.